ಕಾಪ್ರೇಕರ್ ಮೇಷ್ಟ್ರು ಮತ್ತು ನಮ್ಮನೆಯ ಹೋಂವರ್ಕ್

ನಮ್ಮ ಮಗಳು ಏಳನೇ ಕ್ಲಾಸು. ಕಳೆದ ಮಳೆಗಾಲದ ಒಂದು ಸಂಜೆ ಬೀಜಗಣಿತದ ಹೋಂವರ್ಕ್ ಬಿಡಿಸಲಾಗದೆ, ತನಗೆ ಗಣಿತ ಬರುವುದೇ ಇಲ್ಲ ಎಂದು ಅತ್ತುಬಿಟ್ಟಳು. ಅದು ಅವಳ ವಯಸ್ಸಿನಲ್ಲಿ ನಾನೇ ಆಡುತ್ತಿದ್ದ ಮಾತು, ಅದಕ್ಕೇ ಹೆಚ್ಚು ಚುಚ್ಚಿತು. ಕುಕ್ಕರ್ ಆರಿಸಿ ಪಕ್ಕದಲ್ಲಿ ಕೂತೆ. ನಾವು ದಿನವೂ ದಾಟಿಹೋಗುವ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಒಬ್ಬ ಮೇಷ್ಟ್ರ ಕಥೆ ಹೇಳಿದೆ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಡಹಾಣೂವಿನಲ್ಲಿ. ಎಂಟು ವರ್ಷಕ್ಕೇ ತಾಯಿ ತೀರಿಕೊಂಡರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷ್ಯದ ಹುಚ್ಚು. ಮಗನಿಗೆ ಅಂಕಿಗಳ ರುಚಿ ಹತ್ತಿದ್ದು ಅಲ್ಲಿಂದ. ಪುಣೆಯಲ್ಲಿ ಓದುವಾಗ, 1927ರಲ್ಲಿ, ರ್‍ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಗೆದ್ದರು. ಬಿ.ಎಸ್ಸಿ. ಆದಮೇಲೆ ಮುಂದಿನ ಓದು ಇಲ್ಲ. 1930ರಿಂದ 1962ರವರೆಗೆ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ದೊಡ್ಡ ಗಣಿತಜ್ಞರಲ್ಲಿ ಅನೇಕರು ಅವರ ಕೆಲಸವನ್ನು ಮಕ್ಕಳಾಟವೆಂದೇ ಬಗೆದರು.

ಆ ಆಟವನ್ನೇ ನಾವು ಆಡಿದೆವು. ನಾಲ್ಕಂಕಿಯ ಸಂಖ್ಯೆ ಬರೆಯಬೇಕು, ನಾಲ್ಕೂ ಅಂಕಿ ಒಂದೇ ಇರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಹಾಗೆಯೇ. ಮಗಳು ಮೇಷ್ಟ್ರು ಹುಟ್ಟಿದ ವರ್ಷವನ್ನೇ ಹಿಡಿದಳು.

9510 − 0159 = 9351
9531 − 1359 = 8172
8721 − 1278 = 7443
7443 − 3447 = 3996
9963 − 3699 = 6264
6642 − 2466 = 4176
7641 − 1467 = 6174

ಮತ್ತೆ ಮಾಡಿದರೂ 6174, ಅದು ಅಲ್ಲೇ ನಿಂತುಬಿಡುತ್ತದೆ. ಯಾವ ಸಂಖ್ಯೆ ಹಿಡಿದರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರಬೇಕು. 1905ಕ್ಕೆ ಆ ಏಳೂ ಹೆಜ್ಜೆ ಬೇಕಾದವು! (ಮೂರನೆಯದರಲ್ಲಿ ನಾನೇ ತಪ್ಪಿದ್ದೆ, ತಿದ್ದಿದವಳು ಅವಳು.)

ಉತ್ತರಗಳೆಲ್ಲ ಒಂಬತ್ತರಿಂದ ಭಾಗವಾಗುವುದನ್ನು ಅವಳೇ ಗಮನಿಸಿ ಏಕೆಂದು ಕೇಳಿದಳು. ಆಗ ಬೀಜಗಣಿತ ತಾನಾಗಿಯೇ ಒಳಗೆ ಬಂತು. ಇಳಿಕೆಯ ಕ್ರಮದ ಅಂಕಿಗಳನ್ನು ಅ, ಬ, ಕ, ಡ ಎಂದಿಟ್ಟುಕೊಂಡರೆ ವ್ಯತ್ಯಾಸ 999(ಅ − ಡ) + 90(ಬ − ಕ). 999, 90 ಎರಡೂ ಒಂಬತ್ತರ ಮಗ್ಗಿಯವು. ಅಕ್ಷರಗಳು ಯಾಕೆ ಬೇಕು ಎಂಬ ಅವಳ ಜಗಳ ಅಲ್ಲಿಗೆ ಮುಗಿಯಿತು.

ಕಾಪ್ರೇಕರ್ ಇದನ್ನು ಕಂಡುಕೊಂಡದ್ದು 1946ರಲ್ಲಿ. ಜಗತ್ತು ತಿರುಗಿ ನೋಡಿದ್ದು 1975ರಲ್ಲಿ, ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ. ಅಷ್ಟರಲ್ಲಿ ಹೆಂಡತಿ ಹೋಗಿದ್ದರು. ಪಿಂಚಣಿ ಸಾಲದೆ ಮೇಷ್ಟ್ರು ಮನೆಪಾಠ ಹೇಳುತ್ತಿದ್ದರು. 1986ರಲ್ಲಿ ತೀರಿಕೊಂಡರು.

ಆ ರಾತ್ರಿ ಮಗಳು ಅಪ್ಪನ ಸ್ಕೂಟರ್ ನಂಬರನ್ನೂ 6174ಕ್ಕೆ ಇಳಿಸಿಯೇ ಮಲಗಿದಳು. ಹೋಂವರ್ಕಿನ ಎರಡು ಲೆಕ್ಕ ಮಾತ್ರ ಬಾಕಿ ಉಳಿದವು.