ಮೊಲದ ಮೂತ್ರದಲ್ಲಿ ಹಸಿವನ್ನು ಕಂಡ ರೈತನ ಮಗ

ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಕೆಲವೇ ವಾರಗಳಲ್ಲಿ ಹಿಂಡಿ ಮುಟ್ಟದೆ, ಹಾಲು ಇಳಿಸಿ ಸೊರಗುವುದನ್ನು ನೀವು ಕಂಡಿರಬಹುದು. ಪಶುವೈದ್ಯರು ಗಂಜಲ ಪರೀಕ್ಷಿಸಿ, ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಗಂಜಲಕ್ಕೂ ಹಸಿವಿಗೂ ಏನು ಸಂಬಂಧ? ಇದನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ ಪ್ರಮುಖರು.

ಬರ್ನಾರ್ ಹುಟ್ಟಿದ್ದು 1813ರಲ್ಲಿ, ಸೇಂಟ್ ಜೂಲಿಯನ್ ಎಂಬ ಹಳ್ಳಿಯ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ. ಹರೆಯದಲ್ಲಿ ಔಷಧಿ ಅಂಗಡಿಯಲ್ಲಿ ದುಡಿದರು. ನಾಟಕಕಾರನಾಗುವ ಆಸೆಯಿಂದ ಪ್ಯಾರಿಸ್ಸಿಗೆ ಹೋದರು. ಹೊಟ್ಟೆಪಾಡಿಗೆ ವೈದ್ಯ ವಿದ್ಯೆ ಕಲಿಯುವುದು ಲೇಸೆಂದು ವಿಮರ್ಶಕರೊಬ್ಬರು ಬುದ್ಧಿ ಹೇಳಿದರು. ಅದೇ ಅವರ ಬಾಳಿನ ದಿಕ್ಕು ಬದಲಿಸಿತು.

1846ರಲ್ಲಿ ಸಂತೆಯಿಂದ ತಂದ ಮೊಲಗಳ ಮೂತ್ರ ತಿಳಿಯಾಗಿ, ಆಮ್ಲೀಯವಾಗಿ ಇದ್ದುದನ್ನು ಅವರು ಗಮನಿಸಿದರು. ಹುಲ್ಲು ತಿನ್ನುವ ಮೊಲದ ಮೂತ್ರ ಕದಡಿರಬೇಕು, ಕ್ಷಾರೀಯವಾಗಿರಬೇಕು. ಮೊಲಗಳು ಉಪವಾಸವಿದ್ದು ತಮ್ಮ ಮೈಮಾಂಸವನ್ನೇ ಕರಗಿಸಿಕೊಳ್ಳುತ್ತಿರಬೇಕೆಂದು ಊಹಿಸಿದರು. ಹುಲ್ಲು ಹಾಕಿದರು, ಮೂತ್ರ ಕದಡಿತು. ಮತ್ತೆ ಉಪವಾಸ ಕೆಡವಿದರು, ತಿಳಿಯಾಯಿತು. ಊಹೆ ಪರೀಕ್ಷೆಯಲ್ಲಿ ಗೆದ್ದಿತು.

ಸಕ್ಕರೆ ತಯಾರಿಸುವುದು ಗಿಡಗಳಿಗೆ ಮಾತ್ರ ಸಾಧ್ಯವೆಂದು ಆಗ ವಿದ್ವಾಂಸರು ನಂಬಿದ್ದರು. ಬರ್ನಾರ್ ಪ್ರಾಣಿಯ ಯಕೃತ್ತನ್ನು, ಅಂದರೆ ಈಲಿಯನ್ನು, ಸಕ್ಕರೆಯ ಅಂಶ ಹೋಗುವತನಕ ನೀರಿನಿಂದ ತೊಳೆದಿಟ್ಟರು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಈಲಿ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ಬೇಕಾದಾಗ ರಕ್ತಕ್ಕೆ ಬಿಡುವ ಕಣಜವೆಂದು ತಿಳಿಯಿತು. 1857ರಲ್ಲಿ ಆ ವಸ್ತುವನ್ನು ಬೇರ್ಪಡಿಸಿ ತೋರಿಸಿದರು. ಮನುಷ್ಯರ ಸಕ್ಕರೆ ಕಾಯಿಲೆಯನ್ನು ಅರಿಯಲೂ ಇದು ದಾರಿಯಾಯಿತು.

ಈ ಜ್ಞಾನಕ್ಕೆ ಬೆಲೆಯೂ ತೆರಬೇಕಾಯಿತು. ಜೀವಂತ ಪ್ರಾಣಿಗಳನ್ನು ಕೊಯ್ದು ಮಾಡುತ್ತಿದ್ದ ಪ್ರಯೋಗಗಳನ್ನು ಹೆಂಡತಿ, ಹೆಣ್ಣುಮಕ್ಕಳು ಸಹಿಸಲಿಲ್ಲ, ಸಂಸಾರ ಒಡೆಯಿತು. ತೇವ ತುಂಬಿದ ಪ್ರಯೋಗಶಾಲೆಯಲ್ಲಿ ದುಡಿದ ಅವರ ಆರೋಗ್ಯವೂ ಕೆಟ್ಟಿತು. ಆದರೂ ದ್ರಾಕ್ಷಿ ಕೊಯ್ಲಿಗೆ ಅವರು ಹುಟ್ಟೂರಿಗೆ ಬರುತ್ತಿದ್ದರು. 1878ರಲ್ಲಿ ತೀರಿಕೊಂಡಾಗ ಸರ್ಕಾರವೇ ಗೌರವದಿಂದ ಅಂತ್ಯಕ್ರಿಯೆ ನಡೆಸಿತು.

ಈಗ ನಿಮ್ಮ ಕೊಟ್ಟಿಗೆಗೆ ಬನ್ನಿ. ಈದ ಹಸುವಿನ ಈಲಿ ಹಾಲಿಗೆ ಬೇಕಾದಷ್ಟು ಸಕ್ಕರೆ ಒದಗಿಸಲಾರದೆ ಹೋದಾಗ ಮೈಯ ಕೊಬ್ಬು ವಿಪರೀತ ಕರಗುತ್ತದೆ. ಆಗ ಹುಟ್ಟುವ ಕೀಟೋನ್ ಎಂಬ ವಸ್ತುಗಳು ಗಂಜಲದಲ್ಲಿ ಕಾಣುತ್ತವೆ. ಇದು ನಂತರದ ವಿಜ್ಞಾನಿಗಳು ತಿಳಿಸಿದ ವಿಷಯ. ಆದ್ದರಿಂದ ಹಸು ಹಿಂಡಿ ಬಿಟ್ಟರೆ ದೃಷ್ಟಿ ತಾಗಿತೆಂದು ದಿನ ಕಳೆಯಬೇಡಿ. ಪಶುವೈದ್ಯರನ್ನು ಕರೆಸಿ, ಗಂಜಲ ಪರೀಕ್ಷೆ ಮಾಡಿಸಿ.