ಎರಡು ವರ್ಷ ಒಂದೂ ನೇಗಿಲು ಮಾರಾಟವಾಗಲಿಲ್ಲ, ಆದ್ರೂ ಅಂಗಡಿ ಮುಚ್ಚಲಿಲ್ಲ: ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಥೆ

ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ದಿನಾ ಸಾವಿರಾರು ಮಂದಿ ಓಡಾಡ್ತಾರೆ. ಬಟ್ಟೆ, ಚಪ್ಪಲಿ, ಪಾತ್ರೆ ಖರೀದಿ ಮಾಡಿ ಊರಿಗೆ ಹೋಗ್ತಾರೆ. ಆ ರಸ್ತೆಗೆ ಹೆಸರು ಬಂದಿದ್ದು ದೊಡ್ಡ ಫ್ಯಾಕ್ಟರಿಯಿಂದ ಅಲ್ಲ. ಅಣ್ಣ ತಮ್ಮ ಇಬ್ಬರು ಸೇರಿ 1888ರಲ್ಲಿ ಶುರು ಮಾಡಿದ ಒಂದು ಸಣ್ಣ ಸೈಕಲ್ ಅಂಗಡಿಯಿಂದ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಲೆಯ ಓದು ತಲೆಗೆ ಹತ್ತಲಿಲ್ಲ. ಕೈ ಮಾತ್ರ ಯಾವಾಗಲೂ ಚಿತ್ರ ಬಿಡಿಸೋದ್ರಲ್ಲಿ, ಇಲ್ಲಾ ಯಂತ್ರ ಬಿಚ್ಚಿ ಜೋಡಿಸೋದ್ರಲ್ಲಿ. ಅಪ್ಪನಿಗೆ ಇದು ಸರಿ ಬರಲಿಲ್ಲ. ಅಣ್ಣ ರಾಮಣ್ಣ ರೊಕ್ಕ ಕೊಟ್ಟು ಬೆನ್ನಿಗೆ ನಿಂತಿದ್ದರಿಂದ 1885ರಲ್ಲಿ ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು.

ಎರಡು ವರ್ಷ ಕಲಿತ ಮೇಲೆ ಮೊದಲ ಪೆಟ್ಟು ಬಿತ್ತು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಸರಿಯಾಗಿ ಗೊತ್ತಾಗ್ತಿರಲಿಲ್ಲ. ಚಿತ್ರಕಾರನ ಬಾಳು ಅಲ್ಲಿಗೆ ಮುಗೀತು. ಆದರೆ ಯಂತ್ರಗಳ ನಕ್ಷೆ ಬಿಡಿಸೋಕೆ ಬಣ್ಣ ಬೇಕಾಗಿಲ್ಲ, ಗೆರೆ ಸಾಕು. ಅದನ್ನೇ ಹಿಡಿದು ಮುಂಬೈನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಶಿಕ್ಷಕರಾದರು. ಬಿಡುವು ಸಿಕ್ಕಾಗೆಲ್ಲ ಕಾರ್ಯಾಗಾರದಲ್ಲಿ ಯಂತ್ರಗಳ ಮುಂದೆ ನಿಂತು ಕೆಲಸ ಕಲಿತರು.

ಸೈಕಲ್ ಜೊತೆ ಕಲಿಸೋ ಕೆಲಸವೂ

ಆಗ ಸೈಕಲ್ ಅಂದ್ರೆ ಅಪರೂಪದ ವಸ್ತು. ಲಕ್ಷ್ಮಣರಾವ್ ಮುಂಬೈನಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸೋದು, ರಾಮಣ್ಣ ಇಲ್ಲಿ ಮಾರೋದು. ಸೈಕಲ್ ಕೊಂಡವನಿಗೆ ಹತ್ತಿ ಹೊಡೆಯೋಕೆ ಬರ್ತಿರಲಿಲ್ಲ. ಹಂಗಾಗಿ 15 ರೂಪಾಯಿ ತಗೊಂಡು ಕಲಿಸೋ ಕೆಲಸವನ್ನೂ ರಾಮಣ್ಣನೇ ಮಾಡಿದರು. ಮಾಲು ಮಾರಿ ಕೈ ತೊಳ್ಕೊಳ್ಳದೆ, ಅದನ್ನ ಬಳಸೋದು ಹೇಗೆ ಅಂತಾನೂ ಹೇಳಿಕೊಡೋ ಪಾಠ ಕಿರ್ಲೋಸ್ಕರ್ ಮನೆಯವರಿಗೆ ಅಲ್ಲೇ ಸಿಕ್ಕಿತು. ಮುಂದೆ ನೇಗಿಲು ಮಾರುವಾಗ ಇದೇ ಪಾಠ ಬೇಕಾಯ್ತು.

ಸಂಸ್ಥೆಯಲ್ಲಿ ಲಕ್ಷ್ಮಣರಾವ್ ಅವರಿಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯ್ತು. ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ವಾಪಸ್ ಬಂದರು. ಕಾಯಂ ಸಂಬಳ ಹೋಯ್ತು, ಉಳಿದಿದ್ದು ಅಣ್ಣನ ಜೊತೆಗಿನ ಅಂಗಡಿ ಮಾತ್ರ.

ವಿಷದ ನೇಗಿಲು ಅಂದರು

ಸುತ್ತಮುತ್ತಲ ಹಳ್ಳಿಗಳೆಲ್ಲ ಒಕ್ಕಲುತನ ನಂಬಿದವು. ಲಕ್ಷ್ಮಣರಾವ್ ಮೊದಲು ದನಗಳ ಮೇವು ಕತ್ತರಿಸೋ ಯಂತ್ರ ತಯಾರಿಸಿದರು. ಆಮೇಲೆ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ಮರದ ನೇಗಿಲು ಮಣ್ಣಿನ ಮೇಲ್ಮೈ ಕೆರೆದು ಹೋಗುತ್ತೆ. ಕಬ್ಬಿಣದ್ದಾದರೆ ಆಳಕ್ಕಿಳಿದು ಮಣ್ಣನ್ನ ಮಗುಚಿ ಹಾಕುತ್ತೆ, ಕಳೆಯ ಬೇರು ಮೇಲೆ ಬರುತ್ತೆ. ಲೆಕ್ಕ ಸರಿ ಇತ್ತು, ಮಾಲೂ ಗಟ್ಟಿ ಇತ್ತು. ಆದರೆ ಗಿರಾಕಿ ಬರಲಿಲ್ಲ.

ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ, ಬೆಳೆ ಹಾಳಾಗುತ್ತೆ ಅನ್ನೋದು ರೈತರ ಭಯ. ವರ್ಷಕ್ಕೆ ಒಂದೇ ಬೆಳೆ ನಂಬಿ ಬದುಕೋ ಮನುಷ್ಯ ಹೊಸ ಸಾಮಾನಿನ ಮೇಲೆ ಹೊಲವನ್ನ ಪಣಕ್ಕಿಡೋದು ಸುಲಭದ ಮಾತಲ್ಲ. ಮೊದಲ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಹಿಡೀತು.

ಅಂಗಡಿ ನಡೆಸುವವರಿಗೆ ಎರಡು ವರ್ಷ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಕಿದ ರೊಕ್ಕವೆಲ್ಲ ಕಬ್ಬಿಣವಾಗಿ ಮೂಲೆಯಲ್ಲಿ ಕೂತಿರುತ್ತೆ. ಬೆಳಿಗ್ಗೆ ಬಾಗಿಲು ತೆಗೆದರೆ ಅದೇ ಮಾಲು, ರಾತ್ರಿ ಮುಚ್ಚುವಾಗ ಅದೇ ಮಾಲು. ಆ ಹೊತ್ತಲ್ಲಿ ರೈತರಿಗೆ ಬುದ್ಧಿ ಇಲ್ಲ ಅಂತ ಬೈದು ನೇಗಿಲನ್ನ ಗುಜರಿಗೆ ಹಾಕಬಹುದಿತ್ತು. ಲಕ್ಷ್ಮಣರಾವ್ ಹಾಗೆ ಮಾಡಲಿಲ್ಲ. ರೈತನ ಸಂಶಯ ಹೋಗೋದು ಅಂಗಡಿಯ ಮಾತಿನಿಂದಲ್ಲ, ಹೊಲದಲ್ಲಿ ಕಣ್ಣಾರೆ ಕಂಡ ಮೇಲೆ. ಅಲ್ಲೀತನಕ ಅಂಗಡಿ ಜೀವಂತ ಇರಬೇಕಿತ್ತು. ಒಂದೇ ಮಾಲಿನ ಮೇಲೆ ಎಲ್ಲಾ ಭಾರ ಹಾಕದೆ ಇದ್ದಿದ್ದು ಅಲ್ಲಿ ಕೈ ಹಿಡೀತು. ಮೊದಲ ನೇಗಿಲು ಹೋದ ಮೇಲೆ ನಿಧಾನಕ್ಕೆ ನಂಬಿಕೆ ಬಂತು.

ಮಾಲು ನಡೀತು, ಜಾಗ ಹೋಯ್ತು

ವ್ಯಾಪಾರ ಹಿಡಿತಕ್ಕೆ ಬಂತು ಅನ್ನೋವಾಗ ಜಾಗದ ತಕರಾರು ಶುರುವಾಯ್ತು. ತನ್ನ ಹದ್ದಿನೊಳಗೆ ಕಾರ್ಖಾನೆ ಹಾಕೋಕೆ ಬೆಳಗಾವಿ ಪುರಸಭೆ ಒಪ್ಪಲಿಲ್ಲ. ಯಂತ್ರ, ಕೆಲಸಗಾರರು, ತಯಾರಿಸಿಟ್ಟ ಮಾಲು ಎಲ್ಲಾ ಇದ್ದೂ ಎಲ್ಲಿಗೆ ಹೋಗೋದು ಅನ್ನೋ ಪರಿಸ್ಥಿತಿ.

ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ರೈಲ್ವೆ ನಿಲ್ದಾಣದ ಹತ್ತಿರ 32 ಎಕರೆ ಜಾಗ ಕೊಟ್ಟರು, 10,000 ರೂಪಾಯಿ ಸಾಲವನ್ನೂ ಕೊಟ್ಟರು. ಜಾಗ ಅಂದ್ರೆ ಬರೀ ಬರಡು, ಪಾಪಾಸುಕಳ್ಳಿ, ಹಾವು. 1910ರ ಮಾರ್ಚ್ 10ರಂದು ಅಲ್ಲೇ ಕೆಲಸ ಶುರುವಾಯ್ತು. ಸುಮಾರು 25 ಕೆಲಸಗಾರರು ಮನೆ ಮಂದಿ ಸಮೇತ ಅಲ್ಲಿಗೆ ಹೋದರು. ಈಗ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಅದೇ.

ನಾಲ್ಕು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ವಿಲಾಯಿತಿ ನೇಗಿಲು ಬರೋದು ಕಷ್ಟವಾಗಿ ಇವರ ನೇಗಿಲಿಗೆ ಬೇಡಿಕೆ ಏರಿತು. ಆದರೆ ಎರಕ ಹೊಯ್ಯೋಕೆ ಕಬ್ಬಿಣವೇ ಸಿಗದಂಗಾಯ್ತು. ಮೊದಲು ಮಾಲಿತ್ತು, ಗಿರಾಕಿ ಇರಲಿಲ್ಲ. ಈಗ ಗಿರಾಕಿ ಇದ್ದರು, ಮಾಲಿರಲಿಲ್ಲ. ಆಗ ಕೊಲ್ಹಾಪುರದ ಮಹಾರಾಜರು ಕೋಟೆಯ ಹಳೇ ತೋಪುಗಳನ್ನ ಕೊಟ್ಟರು. ಅವನ್ನ ಕರಗಿಸಿ ನೇಗಿಲು ಮಾಡಿದರು.

ವಾಡಿಯಲ್ಲಿ ಅಸ್ಪೃಶ್ಯತೆಗೆ ಲಕ್ಷ್ಮಣರಾವ್ ಜಾಗ ಕೊಡಲಿಲ್ಲ. ಜೈಲು ಕಂಡು ಬಂದವರನ್ನೇ ರಾತ್ರಿ ಕಾವಲಿಗೆ ಇಟ್ಟರು. ಊರು ನಂಬದವರನ್ನ ನಂಬಿದರು.

ಮುಂದೆ ಕಿರ್ಲೋಸ್ಕರ್ ಹೆಸರು ಮತ್ತೆ ಕನ್ನಡ ನಾಡಿಗೆ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆದವು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು. 1969ರಲ್ಲಿ ನೂರನೇ ಹುಟ್ಟುಹಬ್ಬಕ್ಕೆ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಅವರಿಗೆ ರಾಜರ ನೆರವು ಸಿಕ್ಕಿತು, ಎಲ್ಲರಿಗೂ ಸಿಗಲ್ಲ ಅನ್ನೋದೂ ನಿಜ. ಆದರೆ ಆ 10,000 ರೂಪಾಯಿ ಬಂದಿದ್ದು 1910ರಲ್ಲಿ. ಸೈಕಲ್ ಅಂಗಡಿ ಶುರುವಾಗಿದ್ದು 1888ರಲ್ಲಿ. ನಡುವಿನ 22 ವರ್ಷ ಆ ಸಾಲವೂ ಇರಲಿಲ್ಲ, ಆ ಜಾಗವೂ ಇರಲಿಲ್ಲ. ಕಣ್ಣು ಕೈಕೊಟ್ಟಾಗ ಗೆರೆ ಹಿಡಿದರು, ಬಡ್ತಿ ತಪ್ಪಿದಾಗ ಅಂಗಡಿಗೆ ಬಂದರು, ನೇಗಿಲು ಹೋಗದಿದ್ದಾಗ ಕಾದರು. ಸಾಲ ಕೊಡೋ ಮುಂಚೆ ರಾಜರು ನೋಡಿದ್ದು ಮಾರಾಟವಾಗೋ ನೇಗಿಲು ಮಾಡಿ ತೋರಿಸಿದ ಮನುಷ್ಯನನ್ನ. ಎರಡನೇ ವರ್ಷಕ್ಕೇ ಅಂಗಡಿ ಎತ್ತಿದ್ದರೆ ತೋರಿಸೋಕೆ ಏನೂ ಇರ್ತಿರಲಿಲ್ಲ.