ಮೊದಲ ನಿಮಿಷದ ಗುರು ಡಾ. ವರ್ಜೀನಿಯಾ ಅಪ್ಗಾರ್

ಈ ಶಾಲೆಯಲ್ಲಿ ಓದಿ ವೈದ್ಯೆಯಾದ ನಾನು ಹೆರಿಗೆ ಕೋಣೆಯಲ್ಲಿ ಕಿರಿಯ ವೈದ್ಯರಿಗೆ ಪಾಠ ಹೇಳುವಾಗ ಈ ತಾಯಿಯನ್ನು ನೆನೆಯುತ್ತೇನೆ.

1909ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅವರು ಶಸ್ತ್ರವೈದ್ಯೆಯಾಗಲು ಹೊರಟು, ಗುರುಗಳ ಸಲಹೆಯಂತೆ ಅರಿವಳಿಕೆ ತಜ್ಞೆಯಾದರು. 1949ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕಿಯಾದರು. ಆಗೆಲ್ಲ ಹೆರಿಗೆಯಲ್ಲಿ ಎಲ್ಲರ ಗಮನ ತಾಯಿಯ ಮೇಲೆ. ಅಳದ ಕೂಸನ್ನು ಅಳೆಯಲು ಒಂದು ಕ್ರಮವಿರಲಿಲ್ಲ. 1952ರಲ್ಲಿ ವಿದ್ಯಾರ್ಥಿಯೊಬ್ಬರು ಕೇಳಿದಾಗ ಐದು ಲಕ್ಷಣ ಬರೆದುಕೊಟ್ಟರು: ಎದೆಬಡಿತ, ಉಸಿರು, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೆ 0, 1 ಅಥವಾ 2 ಅಂಕ; ಹುಟ್ಟಿದ ಒಂದು ನಿಮಿಷಕ್ಕೆ ಎಣಿಕೆ.

ಕೂಸು ಉಸಿರಾಡದಿದ್ದರೆ ಅಂಕಕ್ಕೆ ಕಾಯಬೇಡಿ, ಕೂಡಲೇ ಉಸಿರು ಕೊಡಿ ಎಂದು ನಾನು ಕಿರಿಯರಿಗೆ ಹೇಳುತ್ತೇನೆ. ಆದರೆ ಕೂಸಿನತ್ತ ಮೊದಲು ನೋಡುವುದನ್ನು ನಮಗೆಲ್ಲ ಕಲಿಸಿದವರು ಅವರೇ. 1974ರಲ್ಲಿ ಅವರು ತೀರಿಕೊಂಡರು. ನಮ್ಮೂರ ಮಕ್ಕಳ ಆಸ್ಪತ್ರೆ ಚೀಟಿಯಲ್ಲೂ ಇಂದು ಅವರ ಹೆಸರಿದೆ.